ದಿಢೀರಂತ ಮನೆಗೆ ಬಂದ ಬೀದಿ ನಾಯಿಮರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಯಾರೂ ಪ್ಲಾನ್ ಮಾಡಿರುವುದಿಲ್ಲ. ಮಳೆ ಹೊಡೆದ ರಾತ್ರಿ ಸ್ಕೂಟರ್ ಕೆಳಗೆ ಕುಂಯ್‌ಗುಡುತ್ತಾ ಕೂತಿರುತ್ತದೆ. ಇಲ್ಲವೇ ಮಗ ಸ್ಕೂಲ್ ಬ್ಯಾಗಿನಲ್ಲಿ ಹಾಕಿಕೊಂಡು ಬಂದಿರುತ್ತಾನೆ. ಮರುದಿನ ಬೆಳಗ್ಗೆಯಿಂದ ಪ್ರಶ್ನೆಗಳು ಶುರು. ಇದು ಅಂಥವರಿಗಾಗಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೂರುವುದು, ಶೇಕ್‌ಹ್ಯಾಂಡ್ ಕೊಡುವುದು ಇವನ್ನೆಲ್ಲ ನಾಯಿ ಯಾವ ವಯಸ್ಸಿನಲ್ಲಿ ಬೇಕಾದರೂ ಕಲಿಯುತ್ತದೆ. ಜನರಿಗೆ, ಸದ್ದಿಗೆ, ಹೊಸ ಜಾಗಕ್ಕೆ ಹೆದರದೆ ಇರುವುದನ್ನು ಕಲಿಯೋಕೆ ಮಾತ್ರ ಮೊದಲ ಮೂರು, ಮೂರೂವರೆ ತಿಂಗಳೇ ಸರಿಯಾದ ಕಾಲ. ಹಾಗಾಗಿ ಕೆಳಗೆ ಆ ವಿಷಯಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮರಿ ಒಂದೇ ಇದೆ, ತಾಯಿ ಕಾಣ್ತಿಲ್ಲ. ಈಗಲೇ ಎತ್ತಿಕೊಂಡು ಬರಬೇಕಾ?

ಸ್ವಲ್ಪ ತಾಳಿ. ತಾಯಿ ನಾಯಿ ಊಟ ಹುಡುಕಿಕೊಂಡು ಗಂಟೆಗಟ್ಟಲೆ ಹೋಗುತ್ತದೆ. ನೀವು ಮರಿಯ ಪಕ್ಕದಲ್ಲೇ ನಿಂತಿದ್ದರೆ ವಾಪಸ್ ಬರಲು ಹಿಂಜರಿಯುತ್ತದೆ. ದೂರದಿಂದ ನೋಡುತ್ತಿರಿ. ಮರಿ ಗಾಯಗೊಂಡಿದ್ದರೆ, ಒದ್ದೆಯಾಗಿ ನಡುಗುತ್ತಿದ್ದರೆ, ಮೈಮೇಲೆ ಹುಳ ಕಾಣಿಸಿದರೆ ಕಾಯುವುದು ಬೇಡ.

ತಾಯಿ ಇದ್ದು, ಜಾಗವೂ ಅಪಾಯವಿಲ್ಲದ್ದಾಗಿದ್ದರೆ ಮರಿಗೆ ಎಂಟು ವಾರ ತುಂಬುವವರೆಗೆ ಅಲ್ಲೇ ಬಿಡುವುದು ಒಳ್ಳೆಯದು. ಹಾಲಿನ ಜೊತೆಗೆ ಪಾಠವೂ ಅಲ್ಲೇ ನಡೆಯುತ್ತದೆ. ಒಡಹುಟ್ಟಿದ ಮರಿಗಳ ಜೊತೆ ಕಿತ್ತಾಡುವಾಗ ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಅಂತ ತಿಳಿಯುತ್ತದೆ. ಬೇಗ ಬೇರೆಯಾದ ಮರಿಗೆ ಆ ಪಾಠವನ್ನು ನೀವೇ ಹೇಳಬೇಕು.

ಎಷ್ಟು ವಾರದ ಮರಿ ಅಂತ ಗೊತ್ತಾಗೋದು ಹೇಗೆ?

ಕಣ್ಣು ಮತ್ತು ಹಲ್ಲು ನೋಡಿ. ಕಣ್ಣು ಬಿಟ್ಟಿಲ್ಲ ಅಂದರೆ ಎರಡು ವಾರದೊಳಗಿನದು. ಮೂರು ವಾರದ ಹೊತ್ತಿಗೆ ತೂರಾಡುತ್ತಾ ನಡೆಯುತ್ತದೆ, ಹಾಲು ಹಲ್ಲು ಮೊಳೆಯಲು ಶುರುವಾಗುತ್ತದೆ. ಆರರಿಂದ ಎಂಟು ವಾರಕ್ಕೆ 28 ಹಾಲು ಹಲ್ಲುಗಳೂ ಸೂಜಿಯಂತೆ ಬಂದಿರುತ್ತವೆ. ಮುಂದಿನ ಹಲ್ಲು ಬಿದ್ದು ಅಗಲವಾದ ಹೊಸ ಹಲ್ಲು ಕಾಣುತ್ತಿದ್ದರೆ ನಾಲ್ಕು ತಿಂಗಳ ಆಸುಪಾಸು.

ಮೊದಲ ದಿನ ಏನು ಮಾಡಬೇಕು? ಸ್ನಾನ ಮಾಡಿಸಲಾ?

ಸ್ನಾನ ಬೇಡ. ಎಲ್ಲರಿಗೂ ಮೊದಲು ಹೊಳೆಯುವುದು ಅದೇ, ಆದರೆ ಸಣ್ಣ ಮರಿಗೆ ಮೈ ಬಿಸಿ ಉಳಿಸಿಕೊಳ್ಳುವ ಶಕ್ತಿ ಕಡಿಮೆ. ಕೊಳೆಯಾಗಿದ್ದರೆ ಬಿಸಿ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ. ರಟ್ಟಿನ ಪೆಟ್ಟಿಗೆಗೆ ಹಳೇ ಬೆಡ್‌ಶೀಟ್ ಹಾಸಿ, ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಒಂದು ಬದಿಗೆ ಇಡಿ. ಇನ್ನೊಂದು ಬದಿ ಖಾಲಿ ಇರಲಿ, ಸೆಕೆಯಾದರೆ ಸರಿದುಕೊಳ್ಳಲಿ. ಮೈ ತಣ್ಣಗಿರುವ ಮರಿಗೆ ಹಾಲು, ಊಟ ಏನೂ ತುರುಕಬೇಡಿ. ಮೊದಲು ಬೆಚ್ಚಗಾಗಬೇಕು, ಆಮೇಲೆ ಹೊಟ್ಟೆಗೆ.

ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಉಣ್ಣೆ ಇದೆಯಾ ನೋಡಿ. ವಸಡು ಬಿಳಿಚಿಕೊಂಡಿದ್ದರೆ ಉಣ್ಣೆ, ಚಿಗಟ, ಜಂತುಹುಳ ಸೇರಿ ರಕ್ತ ಹೀರಿವೆ ಅಂತ ಅನುಮಾನಿಸಬೇಕು. ಆವತ್ತೇ ಡಾಕ್ಟರಿಗೆ ತೋರಿಸಿ. ಪಕ್ಕದ ಮನೆಯ ದೊಡ್ಡ ನಾಯಿಗೆ ತಂದಿದ್ದ ಉಣ್ಣೆ ಔಷಧಿಯನ್ನು ಮರಿಗೆ ಹಾಕಲೇಬೇಡಿ. ಡೋಸ್ ಹೆಚ್ಚಾಗಿ ಜೀವಕ್ಕೇ ಅಪಾಯವಾಗಬಹುದು.

ಮನೆಯಲ್ಲಿ ಬೇರೆ ನಾಯಿ ಇದ್ದರೆ ಎರಡು ವಾರ ಬೇರೆ ಕೋಣೆ, ಬೇರೆ ಬಟ್ಟಲು.

ಊಟಕ್ಕೆ ಏನು? ಹಸುವಿನ ಹಾಲು ಕೊಡಬಹುದಾ?

ಹಾಲು ಕುಡಿಸಿ, ಭೇದಿ ಶುರುವಾಗಿ ಓಡಿ ಬರುವವರೇ ಜಾಸ್ತಿ. ಹಸುವಿನ ಹಾಲು ತುಂಬಾ ಮರಿಗಳಿಗೆ ಅರಗುವುದಿಲ್ಲ. ನಾಲ್ಕು ವಾರದೊಳಗಿನದಾದರೆ ನಾಯಿಮರಿಗೆಂದೇ ಮಾಡಿದ ಹಾಲಿನ ಪುಡಿ ಸಿಗುತ್ತದೆ, ಅದನ್ನು ತನ್ನಿ. ಕುಡಿಸುವಾಗ ಮರಿ ಹೊಟ್ಟೆಯ ಮೇಲೆ ಮಲಗಿರಬೇಕು, ಮಗುವಿನ ಹಾಗೆ ಅಂಗಾತ ಹಿಡಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಐದಾರು ವಾರ ದಾಟಿದ್ದರೆ ಪಪ್ಪಿ ಫುಡ್ ನೆನೆಸಿ ಕೊಡಿ, ಅಥವಾ ಮೆತ್ತಗೆ ಬೆಂದ ಅನ್ನಕ್ಕೆ ಮೂಳೆ ತೆಗೆದ ಚಿಕನ್, ಬೇಯಿಸಿದ ಮೊಟ್ಟೆ ಕಲಸಿ ದಿನಕ್ಕೆ ನಾಲ್ಕು ಸಲ ಕೊಡಿ. ರಾಗಿ ಗಂಜಿ ಸೇರಿಸಬಹುದು. ಆದರೆ ಬರೀ ರಾಗಿ, ಬರೀ ಮೊಸರನ್ನ ತಿಂದು ಮರಿ ಸರಿಯಾಗಿ ಬೆಳೆಯುವುದಿಲ್ಲ. ಮನೆಯಡಿಗೆಯನ್ನೇ ಮುಂದುವರಿಸುವುದಾದರೆ ಕ್ಯಾಲ್ಸಿಯಂ ಬಗ್ಗೆ ಡಾಕ್ಟರನ್ನು ಕೇಳಿ.

ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಬೇಯಿಸಿದ ಮೂಳೆ ಕೊಡಬಾರದು. ನಿನ್ನೆಯ ಸಾಂಬಾರು ಕಲಸಿ ಹಾಕುವ ಮನೆಗಳು ಈರುಳ್ಳಿಯನ್ನು ನೆನಪಿಟ್ಟುಕೊಳ್ಳಬೇಕು. ಜ್ವರ, ನೋವು ಅಂತ ನಮ್ಮ ಮಾತ್ರೆ ಕೊಡುವುದಂತೂ ಬೇಡವೇ ಬೇಡ.

ಆಟ ಆಡುವಾಗ ಮಗಳ ಕೈ ಪರಚಿದೆ, ಹಲ್ಲು ತಾಗಿ ರಕ್ತ ಬಂದಿದೆ. ಚಿಕ್ಕ ಮರಿ ಅಲ್ವಾ, ಪರವಾಗಿಲ್ವಾ?

ಪರವಾಗಿಲ್ಲ ಅನ್ನುವ ಹಾಗಿಲ್ಲ. ಬೀದಿಯಿಂದ ಬಂದ, ಲಸಿಕೆ ಆಗದ ಮರಿಗೂ ರೇಬಿಸ್ ಇರಬಹುದು. ತಾಯಿಗೆ ಏನಾಗಿತ್ತು, ಯಾವ ನಾಯಿ ಅದನ್ನು ಕಚ್ಚಿತ್ತು ನಿಮಗೆ ಗೊತ್ತಿಲ್ಲ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದ ಪುಡಿ ಯಾವುದೂ ಹಚ್ಚಬೇಡಿ. ಆವತ್ತೇ ಆಸ್ಪತ್ರೆಗೆ ಹೋಗಿ, ಡಾಕ್ಟರ್ ಹೇಳಿದ ದಿನಗಳಂದು ರೇಬಿಸ್ ಲಸಿಕೆಯ ಎಲ್ಲ ಡೋಸ್ ಹಾಕಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುತ್ತದೆ. ರೇಬಿಸ್ ಲಕ್ಷಣ ಕಾಣಿಸಿದ ಮೇಲೆ ಉಳಿಸುವ ಚಿಕಿತ್ಸೆ ಇಲ್ಲ, ಹಾಗಾಗಿ ಇದರಲ್ಲಿ ನೋಡೋಣ ಅನ್ನುವ ಮಾತೇ ಇಲ್ಲ.

ಮರಿಗೆ ಯಾವ ಲಸಿಕೆ, ಯಾವಾಗ?

ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಮರಿಗಳ ಜೀವ ತೆಗೆಯುವ ವೈರಸ್ ಕಾಯಿಲೆಗಳಾದ ಪಾರ್ವೊ, ಡಿಸ್ಟೆಂಪರ್ ತಡೆಯಲು. ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಬೂಸ್ಟರ್, 16 ವಾರ ತುಂಬುವವರೆಗೆ. ಮೂರು ತಿಂಗಳಿಗೆ ರೇಬಿಸ್ ಲಸಿಕೆ. ಜಂತುಹುಳದ ಔಷಧಿ ಮೂರು ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ದುಡ್ಡಿನ ಚಿಂತೆ ಇದ್ದರೆ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಸುತ್ತಮುತ್ತ ಉಚಿತ ಲಸಿಕೆ ಶಿಬಿರಗಳೂ ನಡೆಯುತ್ತವೆ.

ವಾಂತಿ, ರಕ್ತ ಬೆರೆತ ಭೇದಿ, ಊಟ ಬಿಟ್ಟು ಮಂಕಾಗುವುದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಪಾರ್ವೊ ಆಗಿದ್ದರೆ ಒಂದೊಂದು ಗಂಟೆಯೂ ಮುಖ್ಯ.

ಲಸಿಕೆ ಮುಗಿಯೋವರೆಗೂ ಹೊರಗೆ ಬಿಡಬೇಡಿ ಅಂತಾರೆ. ಜನರ ಅಭ್ಯಾಸ ಈಗಲೇ ಆಗಬೇಕು ಅಂತಾನೂ ಅಂತಾರೆ. ಯಾವುದನ್ನು ಕೇಳೋದು?

ಎರಡನ್ನೂ. ಹೊರಗೆ ಬಿಡಬೇಡಿ ಅಂದರೆ ನೆಲಕ್ಕೆ ಬಿಡಬೇಡಿ ಅಂತ. ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ ಬದುಕಿರುತ್ತದೆ. ಬೀದಿ ನಾಯಿಗಳು ಓಡಾಡುವ ಪಾರ್ಕು, ಖಾಲಿ ಸೈಟು, ಕಸದ ಮೂಲೆಗಳಲ್ಲಿ ಮರಿಯನ್ನು ಇಳಿಸುವುದು ಅಪಾಯ. ಎತ್ತಿಕೊಂಡು ಹೋಗುವುದಕ್ಕೆ ಏನು ಅಡ್ಡಿ? ಎದೆಗೆ ಕಟ್ಟುವ ಜೋಳಿಗೆ, ತರಕಾರಿ ಚೀಲ, ಕಾರಿನ ಸೀಟು ಯಾವುದಾದರೂ ಸರಿ.

ಮರಿಯ ತಲೆಯಲ್ಲಿ ಹೊಸದನ್ನು ಒಪ್ಪಿಕೊಳ್ಳುವ ಬಾಗಿಲು ಮೂರನೇ ವಾರಕ್ಕೆ ತೆರೆದು, ಹನ್ನೆರಡು ಹದಿನಾಲ್ಕನೇ ವಾರದ ಹೊತ್ತಿಗೆ ನಿಧಾನಕ್ಕೆ ಮುಚ್ಚಿಕೊಳ್ಳುತ್ತದೆ. ಅಮೆರಿಕದ ಮೇಯ್ನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ ನಡೆದು 1961ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, 14 ವಾರದವರೆಗೆ ಮನುಷ್ಯರ ಸಹವಾಸವೇ ಇಲ್ಲದೆ ಬೆಳೆದ ಮರಿಗಳು ಕಾಡುಪ್ರಾಣಿಗಳ ಹಾಗೆ ಹತ್ತಿರ ಸೇರಿಸಲಿಲ್ಲ. 16 ವಾರ ಲಸಿಕೆ ಮುಗಿಯಲಿ ಅಂತ ಮನೆಯೊಳಗೇ ಇಟ್ಟರೆ ಆ ಕಾಲ ಪೂರ್ತಿ ಕಳೆದುಹೋಗಿರುತ್ತದೆ. ಆರೋಗ್ಯವಾಗಿ ಬೆಳೆದು, ಅಪರಿಚಿತರನ್ನು ಕಂಡರೆ ಕಚ್ಚುವ ನಾಯಿಯಾದರೆ ಅದನ್ನು ಕೊನೆಗೆ ಬೀದಿಗೇ ಬಿಡುತ್ತಾರೆ.

ಏನೇನು ತೋರಿಸಬೇಕು ಅಂದರೆ, ನಿಮ್ಮ ಬದುಕಿನಲ್ಲಿ ಏನಿದೆಯೋ ಅದನ್ನೆಲ್ಲ. ಮನೆಯೊಳಗೆ ಕುಕ್ಕರ್ ಸೀಟಿ, ಮಿಕ್ಸಿ, ಕಾಲಿಂಗ್ ಬೆಲ್, ಪೊರಕೆ, ಪೂಜೆಯ ಗಂಟೆ. ಗೇಟಿನ ಹತ್ತಿರ ಕಸದ ಗಾಡಿಯ ಹಾಡು, ಹೆಲ್ಮೆಟ್ ಹಾಕಿದ ಡೆಲಿವರಿ ಹುಡುಗ, ಕೊಡೆ ಹಿಡಿದವರು, ಬುರ್ಖಾ ತೊಟ್ಟವರು, ಪಂಚೆ ಉಟ್ಟ ತಾತ, ಕೋಲೂರಿ ನಡೆಯುವವರು, ಸೈಕಲ್ ಮಕ್ಕಳು. ಹೊರಗೆ ಆಟೋ, ಬಸ್ಸು, ಹಸು, ಹೂ ಮಾರುವವರ ಕೂಗು. ಕಾಲಿಗೆ ಬೇರೆ ಬೇರೆ ನೆಲ: ಜಾರುವ ಗ್ರಾನೈಟ್, ಒರಟು ಸಿಮೆಂಟು, ಒದ್ದೆ ಬಚ್ಚಲು, ಲಿಫ್ಟು, ಮೆಟ್ಟಿಲು. ಒಂಟಿ ಮನೆಯ ಹೆಂಗಸರೇ ಸಾಕಿದ ಮರಿ ದೊಡ್ಡ ದನಿಯ ಗಂಡಸರನ್ನು ಕಂಡರೆ ಬೊಗಳುವುದು ತುಂಬಾ ಸಾಮಾನ್ಯ. ನಿಮ್ಮ ಮನೆಯಲ್ಲಿ ಯಾರು ಇಲ್ಲವೋ ಅಂಥವರನ್ನೇ ಹುಡುಕಿ ಪರಿಚಯ ಮಾಡಿಸಿ.

ತೋರಿಸುವುದು ಅಂದರೆ ತುರುಕುವುದಲ್ಲ. ಸಂತೆಯ ನಡುವೆ ಕೂರಿಸಿ ಹತ್ತು ಜನರ ಕೈಯಿಂದ ಸವರಿಸಿದರೆ ಹೆದರಿಕೆಯೇ ಗಟ್ಟಿಯಾಗುತ್ತದೆ. ದೂರದಲ್ಲಿ ನಿಂತು ಬಸ್ಸು ತೋರಿಸಿ, ಬೆಂದ ಚಿಕನ್ ಚೂರು ಬಾಯಿಗೆ ಕೊಡಿ. ಚೂರು ತಿಂದರೆ ಆ ದೂರ ಸರಿ. ಮೂಸಿಯೂ ನೋಡದಿದ್ದರೆ ತೀರಾ ಹತ್ತಿರ ಬಂದಿದ್ದೀರಿ ಅಂತ ಅರ್ಥ, ಹಿಂದೆ ಸರಿಯಿರಿ. ಮೂತಿ ನೆಕ್ಕಿಕೊಳ್ಳುವುದು, ನಿದ್ದೆ ಇಲ್ಲದೆ ಆಕಳಿಸುವುದು, ಮುಖ ತಿರುಗಿಸುವುದು, ಬಾಲ ಕಾಲಸಂದಿಗೆ ಸೇರುವುದು ಎಲ್ಲ ‘ನನಗೆ ಸಾಕು’ ಅನ್ನುವ ಸೂಚನೆಗಳು. ಐದು ನಿಮಿಷ ಸಾಕು, ಮನೆಗೆ ಬಂದು ಮಲಗಲಿ.

ಬೇರೆ ನಾಯಿಗಳ ಪರಿಚಯಕ್ಕೆ ಲಸಿಕೆ ಪೂರ್ತಿಯಾದ, ಮರಿಗಳ ಕಾಟ ಸಹಿಸಿಕೊಳ್ಳುವ ಗೆಳೆಯರ ನಾಯಿ ಒಂದಿದ್ದರೆ ಅದರ ಮನೆಗೆ ಕರೆದುಕೊಂಡು ಹೋಗಿ. ಮೊದಲ ಲಸಿಕೆಯಾಗಿ ಕನಿಷ್ಠ ಏಳು ದಿನ ಕಳೆದಿರಲಿ.

ನಮ್ಮ ಮರಿ ಮಂಚದ ಕೆಳಗಿಂದ ಬರೋದೇ ಇಲ್ಲ. ಎಳೆದು ತರಬೇಕಾ?

ಎಳೆಯಬೇಡಿ. ಅದಕ್ಕೆ ಸದ್ಯ ಇರುವ ಒಂದೇ ಸುರಕ್ಷಿತ ಜಾಗ ಅದು. ನೀವು ಪಕ್ಕಕ್ಕೆ ನೆಲದ ಮೇಲೆ ಕೂತು, ಬೆನ್ನು ಅರ್ಧ ತಿರುಗಿಸಿ, ಫೋನ್ ನೋಡುತ್ತಲೋ ಬೀನ್ಸ್ ಸೋಸುತ್ತಲೋ ಇರಿ. ಮಧ್ಯೆ ಮಧ್ಯೆ ಒಂದು ಚೂರು ತಿಂಡಿ ಅದರ ಕಡೆ ಉರುಳಿಸಿ. ದಿಟ್ಟಿಸಿ ನೋಡಬೇಡಿ, ಮೇಲಿಂದ ಬಾಗಿ ತಲೆ ಸವರಬೇಡಿ. ಹತ್ತಿರ ಬಂದಾಗಲೂ ಕೈ ಹಾಕದೆ ಮೂಸಲು ಬಿಡಿ. ಮೊದಲ ಸಲ ಎದೆ ಅಥವಾ ಗದ್ದದ ಕೆಳಗೆ ಕೆರೆಯಿರಿ, ಎರಡು ಕ್ಷಣಕ್ಕೆ ನಿಲ್ಲಿಸಿ. ಇನ್ನೂ ಬೇಕಾದರೆ ಅದೇ ಒತ್ತಿಕೊಂಡು ಬರುತ್ತದೆ.

ಮನೆಯ ಮಕ್ಕಳಿಗೆ ಇದು ಕಷ್ಟ. ಮರಿ ತಿನ್ನುವಾಗ, ಮಲಗಿದಾಗ ಮುಟ್ಟಬಾರದು ಅನ್ನುವ ಎರಡೇ ನಿಯಮ ಇಟ್ಟುಕೊಳ್ಳಿ, ಅವೆರಡನ್ನು ಮುರಿಯಲು ಬಿಡಬೇಡಿ.

ಹೆದರಿದಾಗ ಸಮಾಧಾನ ಮಾಡಿದರೆ ಹೆದರಿಕೆ ಅಭ್ಯಾಸವಾಗುತ್ತಂತೆ, ಹೌದಾ?

ಇಲ್ಲ. ಧಾರಾಳವಾಗಿ ಮಾಡಿ.

ಮನೆಯೆಲ್ಲ ಉಚ್ಚೆ. ಎಷ್ಟು ಹೇಳಿದರೂ ಅರ್ಥ ಆಗ್ತಿಲ್ಲ.

ಎರಡು ತಿಂಗಳ ಮರಿಗೆ ತಡೆದುಕೊಳ್ಳುವ ಶಕ್ತಿಯೇ ಇಲ್ಲ. ಹಗಲಿನಲ್ಲಿ ಎಷ್ಟು ತಿಂಗಳೋ ಅದಕ್ಕೆ ಒಂದು ಗಂಟೆ ಸೇರಿಸಿ, ಅದೇ ಹೆಚ್ಚು. ನಿದ್ದೆಯಿಂದ ಎದ್ದ ತಕ್ಷಣ, ತಿಂದ ಮೇಲೆ, ಆಟ ಮುಗಿದ ಮೇಲೆ ಒಂದೇ ಜಾಗಕ್ಕೆ ಎತ್ತಿಕೊಂಡು ಹೋಗಿ. ಟೆರೇಸ್, ಬಾಲ್ಕನಿಯ ಪೇಪರ್, ಬೀದಿ ನಾಯಿ ಬಾರದ ಅಂಗಳ, ಯಾವುದಾದರೂ ಒಂದು. ನೆಲ ಮೂಸುತ್ತಾ ಸುತ್ತು ಹೊಡೆಯಲು ಶುರು ಮಾಡಿದರೆ ನಿಮಗೆ ಹತ್ತು ಸೆಕೆಂಡ್ ಸಮಯವಿದೆ. ಮುಗಿಸಿದ ಕೂಡಲೇ ಅಲ್ಲೇ ತಿಂಡಿ ಕೊಡಿ. ಒಳಗೆ ಬಂದ ಮೇಲೆ ಕೊಟ್ಟರೆ ಅದು ಒಳಗೆ ಬಂದದ್ದಕ್ಕೆ ಸಿಕ್ಕ ಬಹುಮಾನ.

ಉಚ್ಚೆಗೆ ಮೂಗು ತಿಕ್ಕಿದರೆ, ಬೈದರೆ ಅದು ಕಲಿಯುವುದು ಒಂದೇ: ಇವರೆದುರು ಮಾಡಬಾರದು. ಆಮೇಲೆ ಸೋಫಾ ಹಿಂದೆ ಹೋಗಿ ಮಾಡುತ್ತದೆ. ಫಿನಾಯಿಲ್ ಹಾಕಿ ಒರೆಸಿದರೆ ನಮ್ಮ ಮೂಗಿಗೆ ವಾಸನೆ ಹೋಗುತ್ತದೆ, ಮರಿಯ ಮೂಗಿಗೆ ಹೋಗುವುದಿಲ್ಲ. ವಿನೆಗರ್ ಬೆರೆಸಿದ ನೀರು ಅಥವಾ ಪೆಟ್ ಅಂಗಡಿಯ ಎಂಜೈಮ್ ಕ್ಲೀನರ್ ಬಳಸಿ. ಮಾರ್ಬಲ್ ನೆಲಕ್ಕೆ ವಿನೆಗರ್ ಬೇಡ, ಹೊಳಪು ಹೋಗುತ್ತದೆ.

ಕೈ, ಕಾಲು, ಸೀರೆ ಸೆರಗು, ಚಪ್ಪಲಿ ಎಲ್ಲ ಕಚ್ಚುತ್ತೆ.

ಕಚ್ಚಲೇಬೇಕು, ಮರಿ ಜಗತ್ತನ್ನು ಬಾಯಿಂದಲೇ ಮುಟ್ಟಿ ನೋಡುತ್ತದೆ. ನಾಲ್ಕರಿಂದ ಆರು ತಿಂಗಳ ನಡುವೆ ಹಲ್ಲು ಬದಲಾಗುವಾಗ ಇನ್ನೂ ಜಾಸ್ತಿ. ಕೈಯನ್ನೇ ಆಟಿಕೆ ಮಾಡಬೇಡಿ. ಹಲ್ಲು ತಾಗಿದ ಕೂಡಲೇ ಆಟ ನಿಲ್ಲಿಸಿ, ಕೈ ಕಟ್ಟಿ ಎದ್ದು ನಿಂತು ಅರ್ಧ ನಿಮಿಷ ಮಾತಾಡಿಸಬೇಡಿ. ಮತ್ತೆ ಕೂತು ಹಗ್ಗದ ಗಂಟೋ, ಒದ್ದೆ ಮಾಡಿ ಫ್ರೀಜರಿನಲ್ಲಿಟ್ಟ ಬಟ್ಟೆಯೋ ಕೊಡಿ. ಮನೆಯ ಎಲ್ಲರೂ ಹೀಗೇ ಮಾಡಬೇಕು. ಅಣ್ಣ ಕುಸ್ತಿ ಆಡಿಸಿ, ಅಮ್ಮ ಬೈದರೆ ಮರಿಗೆ ಗೊಂದಲ. ಸಂಜೆ ಹೊತ್ತು ಹುಚ್ಚು ಹಿಡಿದ ಹಾಗೆ ಓಡಾಡಿ ಕಚ್ಚುತ್ತಿದ್ದರೆ ಬಹುತೇಕ ಅದಕ್ಕೆ ನಿದ್ದೆ ಸಾಲದಾಗಿದೆ. ಈ ವಯಸ್ಸಿನ ಮರಿ ದಿನಕ್ಕೆ 18 ಗಂಟೆಯಾದರೂ ಮಲಗಬೇಕು.

ರಾತ್ರಿಯೆಲ್ಲ ಅಳುತ್ತೆ. ಓನರ್ ಬೈತಿದ್ದಾರೆ.

ನಿಮ್ಮ ಮಂಚದ ಪಕ್ಕದಲ್ಲೇ ಪೆಟ್ಟಿಗೆ ಇಡಿ. ನಿನ್ನೆಯವರೆಗೂ ಒಡಹುಟ್ಟಿದವರ ಮೈಗೆ ಅಂಟಿಕೊಂಡು ಮಲಗಿದ್ದ ಮರಿಯನ್ನು ವರಾಂಡದಲ್ಲಿ ಒಂಟಿಯಾಗಿ ಕಟ್ಟಿದರೆ ಅಳದೆ ಇನ್ನೇನು ಮಾಡುತ್ತದೆ? ಕೈ ಇಳಿಬಿಟ್ಟು ಮುಟ್ಟಿದರೆ ಸಾಕು, ಸುಮ್ಮನಾಗುತ್ತದೆ. ದೊಡ್ಡದಾದ ಮೇಲೆ ಹಾಸಿಗೆಯನ್ನು ದಿನಾ ಸ್ವಲ್ಪ ಸ್ವಲ್ಪ ದೂರ ಸರಿಸಬಹುದು.

ಒಂಟಿಯಾಗಿರುವುದನ್ನೂ ಹಗಲಿನಲ್ಲಿ ಬೇರೆಯಾಗಿ ಕಲಿಸಬೇಕು. ಬಾಗಿಲ ಹಿಂದೆ ಒಂದು ನಿಮಿಷ ಹೋಗಿ ಬನ್ನಿ, ಆಮೇಲೆ ಐದು, ಆಮೇಲೆ ಅಂಗಡಿಗೆ. ಇಬ್ಬರೂ ಆಫೀಸಿಗೆ ಹೋಗುವ ಮನೆಯಾದರೆ ಮೊದಲ ಕೆಲವು ವಾರ ರಜೆ, ವರ್ಕ್ ಫ್ರಂ ಹೋಮ್, ಅಮ್ಮನ ಸಹಾಯ ಏನಾದರೂ ಹೊಂದಿಸಿಕೊಳ್ಳಲೇಬೇಕು. ಇದಕ್ಕೆ ಅಡ್ಡದಾರಿ ಇಲ್ಲ.

ಕನ್ನಡದಲ್ಲಿ ಹೇಳಿಕೊಟ್ಟರೆ ಕಲಿಯುತ್ತಾ? ಯಾವುದನ್ನು ಮೊದಲು ಕಲಿಸಬೇಕು?

ತುಳುವಿನಲ್ಲಿ ಹೇಳಿದರೂ ಕಲಿಯುತ್ತದೆ. ಮನೆಯಲ್ಲಿ ಎಲ್ಲರೂ ಒಂದೇ ಪದ ಬಳಸಿದರಾಯಿತು. ಮೊದಲು ಹೆಸರು, ಆಮೇಲೆ ‘ಬಾ’. ಕರೆದಾಗ ಬಂದರೆ ಪ್ರತಿ ಸಲವೂ ಒಳ್ಳೆಯದೇ ಆಗಬೇಕು. ಕರೆದು ಸ್ನಾನ ಮಾಡಿಸಿದರೆ, ಕರೆದು ಬೈದರೆ ‘ಬಾ’ ಕೆಟ್ಟುಹೋಗುತ್ತದೆ. ಮೂರನೆಯದು ‘ಬಿಡು’. ಬೀದಿಯಲ್ಲಿ ಕೋಳಿ ಮೂಳೆ ಬಾಯಿಗೆ ಹಾಕಿಕೊಂಡಾಗ ಅದೇ ಕಾಪಾಡುವುದು. ಒಂದು ಸಲಕ್ಕೆ ಎರಡು ಮೂರು ನಿಮಿಷ ಸಾಕು.

ಪಾದ, ಕಿವಿ, ಬಾಯಿ ಮುಟ್ಟಿಸಿಕೊಳ್ಳುವುದನ್ನೂ ಈಗಲೇ ಕಲಿಸಿ. ಮುಂದೆ ಉಗುರು ಕತ್ತರಿಸುವಾಗ, ಉಣ್ಣೆ ಕೀಳುವಾಗ ಡಾಕ್ಟರು ನಿಮಗೆ ಥ್ಯಾಂಕ್ಸ್ ಹೇಳುತ್ತಾರೆ.

ಕಂತ್ರಿ ನಾಯಿ ತರಬೇತಿಗೆ ಬಗ್ಗುತ್ತಾ?

ಪಶ್ಚಿಮ ಬಂಗಾಳದ ಪೊಲೀಸರು ಆಶಾ ಎಂಬ ಬೀದಿ ನಾಯಿಗೆ ತರಬೇತಿ ಕೊಟ್ಟು ತಮ್ಮ ಶ್ವಾನದಳಕ್ಕೆ ಸೇರಿಸಿಕೊಂಡಿದ್ದಾರೆ. ನಿಮ್ಮ ಮನೆಯ ಸೋಫಾ ಹತ್ತದೆ ಇರುವುದನ್ನು ಕಲಿಯದೆ ಇರುತ್ತದಾ? ನಾಟಿ ನಾಯಿ ಚುರುಕು. ಆದರೆ ಮೆಚ್ಚಿಸಲು ಕುಣಿಯುವ ಜಾತಿ ಅಲ್ಲ, ‘ನನಗೇನು ಸಿಗುತ್ತೆ’ ಅಂತ ನೋಡುತ್ತದೆ. ಅದು ನನಗೆ ಇಷ್ಟವೇ.

ದೀಪಾವಳಿಗೆ ಏನು ಮಾಡೋದು?

ಹಬ್ಬಕ್ಕೆ ವಾರಗಳ ಮೊದಲೇ ಪಟಾಕಿ, ತಮಟೆ ಸದ್ದನ್ನು ಫೋನಿನಲ್ಲಿ ತೀರಾ ಸಣ್ಣಗೆ ಹಾಕಿ ಊಟದ ಹೊತ್ತಿನಲ್ಲಿ ಕೇಳಿಸಿ. ಹಬ್ಬದ ದಿನ ಕತ್ತಲಾಗುವ ಮುಂಚೆ ಹೊರಗಿನ ಕೆಲಸ ಮುಗಿಸಿ, ಒಳಗಿನ ಕೋಣೆಯಲ್ಲಿ ಪರದೆ ಎಳೆದು ಟಿವಿ ಹಾಕಿ. ಗೇಟು ಬಾಗಿಲು ಭದ್ರ ಇರಲಿ, ಕೊರಳಪಟ್ಟಿಯಲ್ಲಿ ನಿಮ್ಮ ಫೋನ್ ನಂಬರ್ ಇರಲಿ. ಹೆದರಿ ಓಡಿಹೋಗಿ ಕಳೆದುಹೋಗುವ ನಾಯಿಗಳು ಈ ಸಮಯದಲ್ಲಿ ಜಾಸ್ತಿ. ತೀರಾ ನಡುಗುವ ನಾಯಿಗೆ ಔಷಧಿ ಇದೆ, ಹಬ್ಬಕ್ಕೆ ಮುಂಚೆಯೇ ಡಾಕ್ಟರನ್ನು ಕೇಳಿ.

ಅಪಾರ್ಟ್‌ಮೆಂಟ್‌ನವರು ನಾಯಿ ಸಾಕಬಾರದು ಅಂತಿದ್ದಾರೆ.

ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಪ್ರಕಾರ ಸಂಘದವರು ಸಾಕುನಾಯಿಗೆ ನಿಷೇಧ ಹೇರುವಂತಿಲ್ಲ, ನಾಟಿ ನಾಯಿಗೂ ಅದೇ ಅನ್ವಯ. ಹಾಗಂತ ಜಗಳಕ್ಕೆ ಇಳಿಯಬೇಡಿ. ಲಸಿಕೆ ಕಾರ್ಡ್ ತೋರಿಸಿ, ಪಾಲಿಕೆಯ ಲೈಸೆನ್ಸ್ ಮಾಡಿಸಿ, ಲಿಫ್ಟಿನಲ್ಲಿ ಬೆಲ್ಟ್ ಹಾಕಿ, ಕಕ್ಕ ಎತ್ತಿ. ವಿರೋಧ ಅರ್ಧಕ್ಕರ್ಧ ಇಳಿಯುವುದು ಕೊನೆಯದರಿಂದ.

ಅಜ್ಜಿಗೆ ಮಡಿ. ಒಪ್ಪಲ್ಲ ಅಂತಿದ್ದಾರೆ.

ದೇವರ ಮನೆಗೆ, ಅಡುಗೆ ಮನೆಗೆ ಚಿಕ್ಕ ಗೇಟು ಹಾಕಿಸಿ, ಮರಿಯನ್ನು ಮೊದಲ ದಿನದಿಂದ ಆ ಗೆರೆ ದಾಟಲು ಬಿಡಬೇಡಿ. ಉಳಿದದ್ದು ಮರಿಯೇ ನೋಡಿಕೊಳ್ಳುತ್ತದೆ. ಕದ್ದು ಚಪಾತಿ ಹಾಕುವವರು ಕೊನೆಗೆ ಅಜ್ಜಿಯೇ ಆಗಿರುತ್ತಾರೆ.

ಆರೇಳು ತಿಂಗಳಾಯ್ತು. ಕಲಿತಿದ್ದೆಲ್ಲ ಮರೆತ ಹಾಗೆ ಆಡುತ್ತೆ.

ಹರೆಯ. ಕರೆದರೆ ತಿರುಗಿಯೂ ನೋಡುವುದಿಲ್ಲ, ನಿನ್ನೆ ನೋಡಿದ ಡಸ್ಟ್‌ಬಿನ್‌ಗೆ ಇವತ್ತು ಬೊಗಳುತ್ತದೆ. ಉದ್ದ ಹಗ್ಗ ಕಟ್ಟಿಕೊಂಡು ಮೊದಲ ಪಾಠಗಳನ್ನೇ ಮತ್ತೆ ಮಾಡಿ. ಹೊಡೆಯಬೇಡಿ, ಈ ವಯಸ್ಸಿನಲ್ಲಿ ಏಟು ತಿಂದ ನಾಯಿ ತಿರುಗಿ ಬೀಳುವುದನ್ನು ಕಲಿಯುತ್ತದೆ. ಸಂತಾನಹರಣ ಚಿಕಿತ್ಸೆ ಯಾವಾಗ ಅಂತ ಡಾಕ್ಟರ ಜೊತೆ ಮಾತಾಡುವ ಸಮಯವೂ ಇದೇ.

ಎಷ್ಟು ಪ್ರಯತ್ನಪಟ್ಟರೂ ನಮ್ಮಿಂದ ಇಟ್ಟುಕೊಳ್ಳೋಕೆ ಆಗಲ್ಲ.

ತಪ್ಪೇನಿಲ್ಲ. ಆದರೆ ಸಿಕ್ಕಿದ ಬೀದಿಗೇ ಬಿಡುತ್ತೇವೆ ಅನ್ನಬೇಡಿ. ಮನೆಯಲ್ಲಿ ಬೆಳೆದ ಮರಿಗೆ ಗಾಡಿಗಳ ನಡುವೆ ಬದುಕಲು ಗೊತ್ತಿಲ್ಲ, ಆ ಏರಿಯಾದ ನಾಯಿಗಳು ಸೇರಿಸುವುದೂ ಇಲ್ಲ. ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ ಕೂಡ. ಬೇರೆ ಮನೆ ಸಿಗುವವರೆಗೆ ಇಟ್ಟುಕೊಳ್ಳಿ. ಚೆನ್ನಾಗಿ ಬೆಳಕು ಬೀಳುವ ಕಡೆ ಫೋಟೋ ತೆಗೆದು, ವಯಸ್ಸು, ಲಸಿಕೆ, ಸ್ವಭಾವ ಇದ್ದದ್ದು ಇದ್ದ ಹಾಗೆ ಬರೆಯಿರಿ. ಹೆದರುವ ಮರಿಯಾದರೆ ಹೆದರುತ್ತದೆ ಅಂತಲೇ ಬರೆಯಿರಿ.

ಕೇಳಿದವರಿಗೆಲ್ಲ ಕೊಟ್ಟುಬಿಡಬೇಡಿ. ಮನೆಗೆ ಹೋಗಿ ನೋಡಿ. ಬಾಡಿಗೆ ಮನೆಯಾದರೆ ಓನರ್ ಒಪ್ಪಿದ್ದಾರಾ, ಹಗಲಿನಲ್ಲಿ ಯಾರಿರುತ್ತಾರೆ, ಊರಿಗೆ ಹೋದಾಗ ಎಲ್ಲಿ ಬಿಡುತ್ತಾರೆ ಅಂತ ಕೇಳಿ. ಸುಮ್ನೆ ಗೇಟಿಗೆ ಕಟ್ಟಲು ನಾಯಿ ಬೇಕು ಅನ್ನುವವರಿಗೆ ಬೇಡ. ಕೊಡುವಾಗ ಲಸಿಕೆ ಕಾರ್ಡ್, ಒಂದು ವಾರಕ್ಕಾಗುವಷ್ಟು ಈಗ ತಿನ್ನುತ್ತಿರುವ ಊಟ, ಮನೆಯಲ್ಲಿ ಬಳಸುತ್ತಿದ್ದ ಪದಗಳ ಪಟ್ಟಿ ಜೊತೆಗೆ ಕೊಡಿ. ಮೊದಲ ತಿಂಗಳು ಆಗಾಗ ಫೋನ್ ಮಾಡಿ ವಿಚಾರಿಸಿ. ಅವರಿಗೂ ಆಗದಿದ್ದರೆ ಮರಿ ನಿಮ್ಮ ಹತ್ತಿರವೇ ವಾಪಸ್ ಬರಬೇಕು ಅಂತ ಮೊದಲೇ ಮಾತು ತೆಗೆದುಕೊಳ್ಳಿ.